ಖಾಲಿ ಡಿಸ್ಕಿನಲ್ಲೂ ಫೈಲು ತುಂಡಾಗುವುದೇಕೆ? ಯಕ್ಷಗಾನದ ಟೇಪುಗಳ ಜೊತೆ ಒಂದು ರಿಪೇರಿ

ಹೊಸ 4 ಟಿಬಿ ಹಾರ್ಡ್ ಡಿಸ್ಕ್. ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ (ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ) ಹಾಕಿ ಫಾರ್ಮ್ಯಾಟ್ ಮಾಡಿದ್ದೆ. ಕಾಲು ಭಾಗವೂ ತುಂಬಿರಲಿಲ್ಲ. ಅದರಲ್ಲಿದ್ದದ್ದನ್ನೆಲ್ಲ ಎರಡನೇ ಡಿಸ್ಕಿಗೆ ಬ್ಯಾಕಪ್ ಮಾಡಲು ಹೊರಟಾಗ ವೇಗ ಒಂದೇ ಸಮ ಇರಲಿಲ್ಲ. ವಿಡಿಯೋ ಫೋಲ್ಡರ್ ಸೆಕೆಂಡಿಗೆ 150 ಎಂಬಿ ಆಸುಪಾಸಿನಲ್ಲಿ ಸಲೀಸಾಗಿ ಓಡಿತು. ಆಡಿಯೋ ಫೋಲ್ಡರ್ ಬಂದದ್ದೇ ತಡ, ವೇಗ ಮೂರನೇ ಒಂದು ಭಾಗಕ್ಕೆ ಇಳಿಯಿತು. ಡಿಸ್ಕಿನ ಹೆಡ್ ಅತ್ತಿಂದಿತ್ತ ಓಡಾಡುವ ಕಟಕಟ ಸದ್ದು ನಿಲ್ಲಲೇ ಇಲ್ಲ.

ಡಿಸ್ಕಿನಲ್ಲಿ ಇರುವುದು ಹಳೆಯ ಬಯಲಾಟ ಮತ್ತು ತಾಳಮದ್ದಳೆಯ ರೆಕಾರ್ಡಿಂಗುಗಳು. ಮಿನಿಡಿವಿ ಟೇಪುಗಳು, ಆಡಿಯೋ ಕ್ಯಾಸೆಟ್ಟುಗಳು. ಕರಾವಳಿಯ ತೇವಕ್ಕೆ ಟೇಪು ಬೇಗ ಹಾಳಾಗುತ್ತದೆ. ಬೂಸ್ಟು ಹಿಡಿದ ಟೇಪನ್ನು ಎರಡನೇ ಸಲ ಓಡಿಸಲು ಆಗುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಒಮ್ಮೆ ಡಿಸ್ಕಿಗೆ ಇಳಿಸಿದ್ದು ಸರಿಯಾಗಿ ಕೂತಿದೆಯಾ ಇಲ್ಲವಾ ಎಂಬುದು ನನಗೆ ಸಣ್ಣ ವಿಷಯವಲ್ಲ. ಅವುಗಳಲ್ಲಿ ಹಾಡಿದ ಭಾಗವತರಲ್ಲಿ ಹಲವರು ಈಗ ಇಲ್ಲ.

ಕ್ಯಾಪ್ಚರ್ ಕೆಲಸದಲ್ಲಿ, ಅಂದರೆ ಟೇಪನ್ನು ಡಿಸ್ಕಿಗೆ ಇಳಿಸುವುದರಲ್ಲಿ, ಜೊತೆಗಿರುವ ಗೆಳೆಯನಿಗೆ ಫೈಲುಗಳು ತುಂಡಾಗಿ ಡಿಸ್ಕಿನ ಅಲ್ಲಲ್ಲಿ ಬಿದ್ದಿರಬೇಕು ಎಂದೆ. ಅವನು ನಂಬಲಿಲ್ಲ. "ಹೊಸ ಡಿಸ್ಕ್ ಅಲ್ವಾ ಮಾರಾಯ? ಮುಕ್ಕಾಲು ಖಾಲಿ ಉಂಟು. ಫೈಲು ತುಂಡಾಗ್ಲಿಕ್ಕೆ ಏನುಂಟು ಅದರಲ್ಲಿ? ಡಿಸ್ಕೇ ಹಾಳಾಗಿರ್ಬೇಕು, ವಾಪಸ್ ಕೊಡು."

ಅವನ ಅನುಮಾನ ಸಹಜವೇ. ಅದಕ್ಕೆ ಮೊದಲು ಡಿಸ್ಕನ್ನೇ ನೋಡಿದೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಓಡಿಸಿ 5, 197, 199 ಈ ಮೂರು ಸಾಲು ಓದಿದೆ. 5 ಅಂದರೆ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು, 197 ಅಂದರೆ ಓದಲು ಆಗದೆ ಕಾಯುತ್ತಿರುವ ಸೆಕ್ಟರುಗಳು, 199 ಅಂದರೆ ಕೇಬಲ್ಲಿನಲ್ಲಿ ಡೇಟಾ ಕೆಟ್ಟ ಲೆಕ್ಕ. ಮೂರೂ ಸೊನ್ನೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ಲಾಗ್‌ನಲ್ಲಿ ಒಂದು ದೂರೂ ಇಲ್ಲ. ಡಿಸ್ಕ್ ಎಸ್‌ಎಂಆರ್ ಜಾತಿಯದೂ ಅಲ್ಲ. ಎಸ್‌ಎಂಆರ್ ಡಿಸ್ಕುಗಳಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ, ಅಲ್ಲಲ್ಲಿ ಬರೆದರೆ ತುಂಬಾ ನಿಧಾನ. ಇದು ಆ ಕಥೆ ಅಲ್ಲ.

ಹೊಸ ಡಿಸ್ಕ್ ಸುಮ್ನೆ ಇದ್ದಾಗಲೂ ಸದ್ದು ಮಾಡಿದರೆ ಹೆದರಬೇಡಿ. ಇಎಕ್ಸ್‌ಟಿ4 ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುವುದು ಏಕೆಂದರೆ ಐನೋಡ್ (ಒಂದೊಂದು ಫೈಲಿನ ವಿವರ ಇಡುವ ದಾಖಲೆ) ಪಟ್ಟಿಗಳನ್ನು ಸೊನ್ನೆ ಮಾಡುವ ಕೆಲಸವನ್ನು ಅದು ಮುಂದಕ್ಕೆ ಹಾಕುತ್ತದೆ. ಮೊದಲ ಸಲ ಮೌಂಟ್ ಆದ ಮೇಲೆ ಕರ್ನಲ್ ಹಿಂದೆ ನಿಂತು ನಿಧಾನಕ್ಕೆ ಅದನ್ನು ಮುಗಿಸುತ್ತದೆ. ಪ್ರೋಸೆಸ್ ಪಟ್ಟಿಯಲ್ಲಿ ಇಎಕ್ಸ್‌ಟಿ4ಲೇಜಿಇನಿಟ್ ಎಂಬ ಹೆಸರು ಕಂಡರೆ ಅದೇ. ನನ್ನ ಡಿಸ್ಕಿನಲ್ಲಿ ಅದು ಯಾವತ್ತೋ ಮುಗಿದಿತ್ತು. ಈಗಿನ ಕಟಕಟಕ್ಕೆ ಬೇರೆ ಕಾರಣ ಬೇಕು.

ಹಾಗಾದರೆ ಫೈಲುಗಳನ್ನೇ ಕೇಳೋಣ ಅಂತ, ಫೈಲು ಡಿಸ್ಕಿನಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂದು ತೋರಿಸುವ ಫೈಲ್‌ಫ್ರಾಗ್ ಕಮಾಂಡಿಗೆ ಮೈನಸ್ ವಿ ಹಾಕಿ ಒಂದು ಟೇಪಿನ ವಿಡಿಯೋ ಕೊಟ್ಟೆ. ಉದ್ದಕ್ಕೆ ಸಾಲು ಸಾಲು ಬಂತು. ಮೊದಲ ಸಲ ನೋಡುವವರು ಇಲ್ಲೇ ಗಾಬರಿಯಾಗುತ್ತಾರೆ.

ಪಟ್ಟಿಯ ಒಂದೊಂದು ಸಾಲು ಒಂದು ಎಕ್ಸ್‌ಟೆಂಟ್, ಅಂದರೆ ಅಕ್ಕಪಕ್ಕದ ಬ್ಲಾಕುಗಳ ಒಂದು ಓಟ. ಇಎಕ್ಸ್‌ಟಿ4ನಲ್ಲಿ ಅದು 32,768 ಬ್ಲಾಕಿಗಿಂತ ಉದ್ದ ಇರಲು ಸಾಧ್ಯವೇ ಇಲ್ಲ. ಒಂದು ಬ್ಲಾಕ್ 4 ಕೆಬಿ, ಅಂದರೆ ಮಿತಿ 128 ಎಂಬಿ. ಪಾಲ್ ಎಂಬ ಟಿವಿ ಪದ್ಧತಿಯ ಡಿವಿ ವಿಡಿಯೋ ಒಂದು ಫ್ರೇಮಿಗೆ 1,44,000 ಬೈಟ್, ಸೆಕೆಂಡಿಗೆ 25 ಫ್ರೇಮ್. ಸೆಕೆಂಡಿಗೆ 3.6 ಎಂಬಿ, ಒಂದು ಗಂಟೆಯ ಟೇಪಿಗೆ ಹತ್ತಿರ ಹತ್ತಿರ 13 ಜಿಬಿ. ಡಿಸ್ಕಿನಲ್ಲಿ ಒಂದಿಷ್ಟೂ ಕಡಿಯದೆ ಉದ್ದಕ್ಕೆ ಬಿದ್ದಿದ್ದರೂ ಪಟ್ಟಿಯಲ್ಲಿ 97 ಸಾಲು ಬಂದೇ ಬರುತ್ತದೆ. ಹಾಗಾಗಿ ಸಾಲು ಎಣಿಸಬೇಡಿ. ಎಕ್ಸ್‌ಪೆಕ್ಟೆಡ್ ಎಂಬ ಕಾಲಂ ನೋಡಿ. ಹಿಂದಿನ ಸಾಲು ಮುಗಿದ ಕಡೆಯೇ ಈ ಸಾಲು ಶುರುವಾಗಿದ್ದರೆ ಆ ಕಾಲಂ ಖಾಲಿ ಇರುತ್ತದೆ. ಅಲ್ಲಿ ಒಂದು ಸಂಖ್ಯೆ ಇದ್ದರೆ ಮಾತ್ರ ನಿಜವಾಗಿ ಜಾಗ ಬಿಟ್ಟು ಹಾರಿದೆ ಎಂದರ್ಥ. ಕೊನೆಯಲ್ಲಿ ಬರುವ ಒಟ್ಟು ಲೆಕ್ಕ ಕೂಡ ಈ ಹಾರಿಕೆಗಳದ್ದೇ.

ಹಾರಿಕೆಗಳನ್ನು ಎಣಿಸಿದಾಗ ಎರಡು ಬಗೆ ಕಂಡಿತು. ಒಂದೊಂದೇ ಟೇಪು ಇಳಿಸಿದ ದಿನದ ಫೈಲುಗಳಲ್ಲಿ ಏಳೆಂಟು ತುಂಡು. ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿದ ದಿನದ ಫೈಲುಗಳಲ್ಲಿ ನೂರಾರು. ಆಡಿಯೋ ಫೋಲ್ಡರಿನದ್ದು ಮೂರನೇ ಬಗೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಏಳೆಂಟರ ವಿಷಯ. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದೇ. ಖಾಲಿ ಡಿಸ್ಕ್, ಒಂದೇ ಫೈಲು, ಬೇರೆ ಯಾರೂ ಬರೆಯುತ್ತಿಲ್ಲ. ಆದರೂ ಒಂದು ತುಂಡಾಗಿ ಏಕೆ ಕೂರಲಿಲ್ಲ?

ಉತ್ತರ ಹುಡುಕಲು ನಿಜವಾದ ಡಿಸ್ಕ್ ಮುಟ್ಟುವ ಅಗತ್ಯವಿಲ್ಲ. ಟ್ರಂಕೇಟ್ ಕಮಾಂಡಿನಿಂದ ನಿಮ್ಮ ಡಿಸ್ಕಿನಷ್ಟೇ ಗಾತ್ರದ ಒಂದು ಪೊಳ್ಳು ಫೈಲು ಮಾಡಿ, ಅದರ ಮೇಲೆಯೇ ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಓಡಿಸಬಹುದು. ಗಾತ್ರ 4 ಟಿಬಿ ಎಂದು ತೋರಿಸಿದರೂ ನಿಜವಾಗಿ ಹಿಡಿಯುವ ಜಾಗ ಬಹಳ ಕಡಿಮೆ. ಫಾರ್ಮ್ಯಾಟಿನ ಬೇರೆ ಬೇರೆ ಆಯ್ಕೆಗಳನ್ನು ಹೀಗೆ ಧೈರ್ಯವಾಗಿ ಪರೀಕ್ಷಿಸಬಹುದು. ಆ ಖಾಲಿ ಫೈಲ್‌ಸಿಸ್ಟಮ್ ಮೇಲೆ ಇ2ಫ್ರೀಫ್ರಾಗ್ ಓಡಿಸಿದೆ. ಅದು ಖಾಲಿ ಜಾಗ ಎಷ್ಟೆಷ್ಟು ಉದ್ದದ ತುಂಡುಗಳಲ್ಲಿ ಇದೆ ಎಂದು ಹೇಳುತ್ತದೆ. ಅತಿ ದೊಡ್ಡ ಖಾಲಿ ತುಂಡು: 20,64,256 ಕೆಬಿ. ಅಂದರೆ 2 ಜಿಬಿಗೂ ಸ್ವಲ್ಪ ಕಡಿಮೆ. 4 ಟಿಬಿಯ ಖಾಲಿ ಡಿಸ್ಕಿನಲ್ಲಿ!

ಈ ಸಂಖ್ಯೆ ಎಲ್ಲಿಂದ ಬಂತು ಎಂದು ಕೈಯಾರೆ ಲೆಕ್ಕ ಹಾಕಿ ನೋಡಿ, ಕೊನೆಯ ಕೆಬಿಯವರೆಗೆ ತಾಳೆಯಾಗುತ್ತದೆ. ಇಎಕ್ಸ್‌ಟಿ4 ಡಿಸ್ಕನ್ನು 128 ಎಂಬಿಯ ಬ್ಲಾಕ್ ಗುಂಪುಗಳಾಗಿ ಭಾಗ ಮಾಡುತ್ತದೆ. ಡೀಫಾಲ್ಟಿನಲ್ಲಿ ಪ್ರತಿ 16 ಕೆಬಿಗೆ ಒಂದು ಐನೋಡ್, ಒಂದು ಗುಂಪಿಗೆ 8,192. ಒಂದು ಐನೋಡಿಗೆ 256 ಬೈಟ್. ಅಲ್ಲಿಗೆ ಒಂದು ಗುಂಪಿನ ಐನೋಡ್ ಪಟ್ಟಿ 2 ಎಂಬಿ. ಈ ಪಟ್ಟಿಗಳು ಪ್ರತಿ ಗುಂಪಿನಲ್ಲೂ ಅಡ್ಡ ಬರಬಾರದು ಅಂತ ಫ್ಲೆಕ್ಸ್‌ಬಿಜಿ ಎಂಬ ವ್ಯವಸ್ಥೆ 16 ಗುಂಪುಗಳ ಪಟ್ಟಿಗಳನ್ನು ಒಟ್ಟುಮಾಡಿ ಮೊದಲ ಗುಂಪಿನಲ್ಲಿ ಇಡುತ್ತದೆ. 16 ಗುಂಪು ಅಂದರೆ 2 ಜಿಬಿ, ಅಂದರೆ 20,97,152 ಕೆಬಿ. ಅದರಲ್ಲಿ 32 ಎಂಬಿ ಐನೋಡ್ ಪಟ್ಟಿಗೆ ಹೋಯಿತು, 32,768 ಕೆಬಿ. ಯಾವುದು ಖಾಲಿ, ಯಾವುದು ತುಂಬಿದೆ ಎಂದು ಗುರುತಿಡಲು ಪ್ರತಿ ಗುಂಪಿಗೆ ಎರಡು ಬಿಟ್‌ಮ್ಯಾಪ್ ಬ್ಲಾಕ್, 16 ಗುಂಪಿಗೆ 32 ಬ್ಲಾಕ್, 128 ಕೆಬಿ. ಎರಡನ್ನೂ ಕಳೆಯಿರಿ. 20,64,256.

ಅಂದರೆ ಗದ್ದೆಗೆ ಬದು ಹಾಕಿದ ಹಾಗೆ ಪ್ರತಿ 2 ಜಿಬಿಗೆ ಒಂದು ಅಡ್ಡಗೋಡೆ ಮೊದಲ ದಿನದಿಂದಲೇ ಇದೆ. 13 ಜಿಬಿಯ ಫೈಲು ಆರು ಗೋಡೆಗಳನ್ನಾದರೂ ದಾಟಲೇಬೇಕು. ಇದರ ಮೇಲೆ ಸೂಪರ್‌ಬ್ಲಾಕಿನ (ಇಡೀ ಫೈಲ್‌ಸಿಸ್ಟಮ್‌ನ ವಿವರ ಇರುವ ಬ್ಲಾಕ್) ನಕಲುಗಳೂ ಅಲ್ಲಲ್ಲಿ ಇರುತ್ತವೆ. ಅವು 1ನೇ ಗುಂಪಿನಲ್ಲಿ, ಆಮೇಲೆ 3, 5, 7ರ ಘಾತಗಳಾದ ಗುಂಪುಗಳಲ್ಲಿ: 9, 25, 27, 49, 81 ಹೀಗೆ. 4 ಟಿಬಿಯ ಡಿಸ್ಕಿನಲ್ಲಿ ಸುಮಾರು 29,800 ಗುಂಪುಗಳಿದ್ದರೂ ನಕಲುಗಳು 21 ಮಾತ್ರ, ಹೆಚ್ಚಿನವು ಡಿಸ್ಕಿನ ಆರಂಭದಲ್ಲೇ. ಮೊದಲು ಕಾಪಿ ಮಾಡಿದ ಫೈಲಿನಲ್ಲಿ ಒಂದೆರಡು ತುಂಡು ಜಾಸ್ತಿ ಕಂಡರೆ ಅದಕ್ಕೆ ಇದೇ ಕಾರಣ.

ಏಳೆಂಟು ತುಂಡು ರೋಗವಲ್ಲ, ಫೈಲ್‌ಸಿಸ್ಟಮ್‌ನ ಮೈಕಟ್ಟು. ಅದನ್ನು, ತುಂಡುಗಳನ್ನು ಒಟ್ಟು ಸೇರಿಸುವ ಇ4ಡಿಫ್ರಾಗ್‌ನಿಂದ ಸರಿಮಾಡಲು ಹೊರಟರೆ ಏನೂ ಬದಲಾಗುವುದಿಲ್ಲ, ಆಗಲೂ ಬಾರದು.

ನೂರಾರು ತುಂಡಿನ ಫೈಲುಗಳ ವಿಷಯಕ್ಕೆ ಬರೋಣ. ಟೇಪುಗಳು ಬಹಳ ಇರುವುದರಿಂದ ಎರಡು ಕ್ಯಾಮೆರಾಗಳನ್ನು ಫೈರ್‌ವೈರ್‌ನಲ್ಲಿ ಜೋಡಿಸಿ ಒಟ್ಟಿಗೆ ಇಳಿಸುತ್ತಿದ್ದೆವು. ಎರಡೂ ಫೈಲು ಇದೇ ಡಿಸ್ಕಿಗೆ. ಇಎಕ್ಸ್‌ಟಿ4 ಬರೆದ ತಕ್ಷಣ ಜಾಗ ಕೊಡುವುದಿಲ್ಲ. ಡೇಟಾ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಕಾಯುತ್ತದೆ, ಡಿಸ್ಕಿಗೆ ಇಳಿಯುವ ಹೊತ್ತಿಗೆ ಒಟ್ಟಿಗೆ ಜಾಗ ಸಿಗುತ್ತದೆ. ಇದೊಂದು ಒಳ್ಳೆಯ ಗುಣ. ಕರ್ನಲ್‌ನ ಡೀಫಾಲ್ಟಿನಲ್ಲಿ ಆ ಕಾಯುವ ಅವಧಿ 30 ಸೆಕೆಂಡ್. ಡಿವಿ ಟೇಪು 30 ಸೆಕೆಂಡಿಗೆ 108 ಎಂಬಿ ಕೊಡುತ್ತದೆ. ಮೊದಲ ಫೈಲಿನ ಅಷ್ಟು ಡೇಟಾ ಇಳಿಯಿತು. ಅದರ ಪಕ್ಕದಲ್ಲೇ ಎರಡನೆಯದರದ್ದು ಇಳಿಯಿತು. ಮತ್ತೆ ಮೊದಲನೆಯದು ಮುಂದುವರಿಯಬೇಕೆಂದರೆ ಪಕ್ಕದ ಜಾಗ ಆಗಲೇ ಬೇರೆಯವರ ಪಾಲಾಗಿದೆ. ಹೀಗೆ ಒಂದನ್ನೊಂದು ಹೆಣೆದುಕೊಂಡು ಹೋಗುತ್ತವೆ. ಫೈಲ್‌ಫ್ರಾಗ್‌ನಲ್ಲಿ ಎರಡೂ ಫೈಲುಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟರೆ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ: ಒಂದರಲ್ಲಿ ಬಿಟ್ಟ ಬ್ಲಾಕ್ ಸಂಖ್ಯೆಗಳು ಇನ್ನೊಂದರಲ್ಲಿ ಇವೆ.

ಎರಡನ್ನೂ ಬೇರೆ ಬೇರೆ ಫೋಲ್ಡರಿಗೆ ಬರೆಸಿ ನೋಡಿದೆ. ಹೇಳುವಂಥ ಲಾಭ ಸಿಗಲಿಲ್ಲ. ಸಣ್ಣ ಫೈಲುಗಳಿಗೆ ಫೋಲ್ಡರಿನ ಹತ್ತಿರದ ಜಾಗ ಮುಖ್ಯ. ದೊಡ್ಡ ಫೈಲಿಗೆ ಹಾಗಲ್ಲ. ತನ್ನ ಪಕ್ಕದ ಜಾಗ ಸಿಗದಿದ್ದರೆ, ಫೈಲ್‌ಸಿಸ್ಟಮ್ ಕೊನೆಗೆ ಜಾಗ ಕೊಟ್ಟ ಗುಂಪಿನಿಂದಲೇ ಮುಂದಕ್ಕೆ ಹುಡುಕಾಟ ಶುರುವಾಗುತ್ತದೆ. ಫೋಲ್ಡರ್ ಬೇರೆಯಾದರೂ ಕೊನೆಗೆ ಇಬ್ಬರೂ ಒಂದೇ ಕಡೆ ಬಂದು ಸೇರುತ್ತಾರೆ.

ಆದರೆ ಗಮನಿಸಿ, ಈ ವಿಡಿಯೋ ಫೈಲುಗಳೂ ಬ್ಯಾಕಪ್ ಹೊತ್ತಿನಲ್ಲಿ ಪೂರ್ತಿ ವೇಗದಲ್ಲೇ ಓಡಿದ್ದವು. ನೂರಾರು ತುಂಡಾಗಿದ್ದರೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆ ಕೊಟ್ಟದ್ದು ಆಡಿಯೋ.

ಕ್ಯಾಸೆಟ್ ಇಳಿಸಲು ಬಳಸುತ್ತಿದ್ದ ಪ್ರೋಗ್ರಾಂ ತನ್ನ ಪ್ರಾಜೆಕ್ಟನ್ನು ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಆಗಿ ಇಡುತ್ತದೆ. ಕರೆಂಟು ಹೋದರೂ ರೆಕಾರ್ಡಿಂಗ್ ಉಳಿಯಲಿ ಅಂತ ಆಗಾಗ ಸಿಂಕ್ ಮಾಡುತ್ತದೆ. ಉದ್ದೇಶ ಒಳ್ಳೆಯದು, ನಮ್ಮ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ. ಆದರೆ ಸಿಂಕ್ ಅಂದರೆ ಈಗಲೇ ಡಿಸ್ಕಿಗೆ ಇಳಿಸು ಎಂಬ ಆಜ್ಞೆ. 30 ಸೆಕೆಂಡ್ ಕಾದು ಒಟ್ಟಿಗೆ ಜಾಗ ಹಿಡಿಯುವ ಅವಕಾಶವೇ ಹೋಯಿತು. ಸಿಡಿ ಗುಣಮಟ್ಟದ ಆಡಿಯೋ ಸೆಕೆಂಡಿಗೆ 176 ಕೆಬಿ ಅಷ್ಟೇ. ಎರಡು ಮೂರು ಸೆಕೆಂಡಿಗೊಮ್ಮೆ ಸಿಂಕ್ ಆದರೆ ಪ್ರತಿ ಸಲ ಅರ್ಧ ಎಂಬಿ. ಪಕ್ಕದಲ್ಲೇ ಎರಡು ವಿಡಿಯೋಗಳು ಜಾಗ ನುಂಗುತ್ತಿವೆ. ಆಡಿಯೋ ಪ್ರಾಜೆಕ್ಟುಗಳಲ್ಲಿ ಎಷ್ಟೋ ತುಂಡುಗಳು 1 ಎಂಬಿಗಿಂತ ಚಿಕ್ಕವು. ಆಡಿಯೋ ಒಂದನ್ನೇ, ವಿಡಿಯೋ ಇಲ್ಲದೆ ಇಳಿಸಿದ ದಿನದ ಪ್ರಾಜೆಕ್ಟು ತೆಗೆದು ನೋಡಿದರೆ ಅದು ಬಹುಪಾಲು ಒಟ್ಟಿಗೇ ಇತ್ತು. ಅಲ್ಲಿಗೆ ಕಾರಣ ಖಚಿತವಾಯಿತು: ಆಗಾಗ ಸಿಂಕ್ ಮಾಡುವ ಒಬ್ಬ, ಪಕ್ಕದಲ್ಲಿ ಎಡೆಬಿಡದೆ ಬರೆಯುವ ಇನ್ನಿಬ್ಬರು.

ತುಂಡಿನ ಸಂಖ್ಯೆ ಏನನ್ನೂ ಹೇಳುವುದಿಲ್ಲ, ಒಂದು ತುಂಡಿನ ಸರಾಸರಿ ಗಾತ್ರ ಎಲ್ಲವನ್ನೂ ಹೇಳುತ್ತದೆ. ಲೆಕ್ಕ ಇಷ್ಟೇ. ಹಾರ್ಡ್ ಡಿಸ್ಕಿನ ಹೆಡ್ ಇನ್ನೊಂದು ಜಾಗಕ್ಕೆ ಹಾರಿ, ತಟ್ಟೆ ತಿರುಗಿ ಬರುವವರೆಗೆ ಕಾಯಲು 15 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಓದುವ ವೇಗ ಸೆಕೆಂಡಿಗೆ 150 ಎಂಬಿ. ತುಂಡು 2 ಜಿಬಿ ಇದ್ದರೆ ಹದಿಮೂರು ಹದಿನಾಲ್ಕು ಸೆಕೆಂಡಿಗೆ ಒಂದು ಹಾರಿಕೆ, ಗೊತ್ತೇ ಆಗುವುದಿಲ್ಲ. ತುಂಡು 100 ಎಂಬಿ ಇದ್ದರೆ ಶೇಕಡಾ 2ರಷ್ಟು ನಷ್ಟ, ಅದೂ ಗೊತ್ತಾಗುವುದಿಲ್ಲ. ತುಂಡು 1 ಎಂಬಿ ಆದರೆ ಓದಲು 7 ಮಿಲಿಸೆಕೆಂಡ್, ಹಾರಲು 15. ವೇಗ ಸೆಕೆಂಡಿಗೆ 45 ಎಂಬಿಗೆ ಬೀಳುತ್ತದೆ. ನನ್ನ ಬ್ಯಾಕಪ್ಪಿನಲ್ಲಿ ಆದದ್ದು ಅದೇ ಅಲ್ವಾ? ಇ4ಡಿಫ್ರಾಗ್‌ಗೆ ಮೈನಸ್ ಸಿ ಕೊಟ್ಟರೆ ಅದು ಏನನ್ನೂ ಮುಟ್ಟದೆ ಸರಾಸರಿ ಗಾತ್ರ ಮತ್ತು ಒಂದು ಅಂಕ ಹೇಳುತ್ತದೆ. ಅಂಕ 30ರವರೆಗೆ ಇದ್ದರೆ ಚಿಂತೆ ಇಲ್ಲ, 56 ಮುಟ್ಟಿದರೆ ಕೈಹಾಕಬೇಕು.

ಇನ್ನು ರಿಪೇರಿ. ಬ್ಯಾಕಪ್ ಹೇಗೂ ಮುಗಿದಿತ್ತು. ಚೆಕ್‌ಸಮ್ (ಫೈಲಿನ ಬೈಟುಗಳಿಂದ ತೆಗೆದ ತಾಳೆ ಸಂಖ್ಯೆ) ಹಾಕಿ ಎರಡೂ ಕಡೆ ಒಂದೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮೊದಲ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲು ತೀರ್ಮಾನಿಸಿದೆ. ಬರೀ ತುಂಡುಗಳ ಸಲುವಾಗಿ ಇದು ಬೇಕಿರಲಿಲ್ಲ. ಆಡಿಯೋ ಫೋಲ್ಡರಿನ ಮೇಲೆ ಇ4ಡಿಫ್ರಾಗ್ ಓಡಿಸಿದ್ದರೆ ಸಾಕಿತ್ತು. ಮೌಂಟ್ ಆಗಿರುವಾಗಲೇ ಅದು ಕೆಲಸ ಮಾಡುತ್ತದೆ: ಹೊಸ ಜಾಗ ಹಿಡಿದು, ಡೇಟಾವನ್ನು ಅಲ್ಲಿಗೆ ಸೇರಿಸಿ, ಹಳೆಯದನ್ನು ಬಿಡುತ್ತದೆ. ಆದರೆ ಮೇಲಿನ ಐನೋಡ್ ಲೆಕ್ಕ ನನ್ನ ಮನಸ್ಸು ಬದಲಿಸಿತು. 16 ಕೆಬಿಗೆ ಒಂದು ಅಂದರೆ ಈ ಡಿಸ್ಕಿನಲ್ಲಿ 24 ಕೋಟಿಗೂ ಜಾಸ್ತಿ ಐನೋಡ್. ಪಟ್ಟಿಗಳೇ 62 ಜಿಬಿ ತಿನ್ನುತ್ತವೆ. ಹತ್ತಿರ ಹತ್ತಿರ ಐದು ಟೇಪಿನ ಜಾಗ! ನಮ್ಮ ಫೈಲುಗಳು ಎಷ್ಟು ಇದ್ದಾವು?

ಹೊಸ ಫಾರ್ಮ್ಯಾಟಿಗೆ ಎಂಕೆಎಫ್‌ಎಸ್‌ನಲ್ಲಿ ಎರಡು ಆಯ್ಕೆ ಬದಲಿಸಿದೆ. ದೊಡ್ಡಕ್ಷರದ ಮೈನಸ್ ಟಿ ಜೊತೆ ಲಾರ್ಜ್‌ಫೈಲ್, ಇದರಿಂದ 1 ಎಂಬಿಗೆ ಒಂದು ಐನೋಡ್, ಒಟ್ಟು 38 ಲಕ್ಷ. ಪಟ್ಟಿಗಳು 1 ಜಿಬಿ ಒಳಗೆ ಮುಗಿಯುತ್ತವೆ. ಐನೋಡ್ ಸಂಖ್ಯೆಯನ್ನು ಆಮೇಲೆ ಹೆಚ್ಚಿಸಲು ಆಗುವುದಿಲ್ಲ, ಅದಕ್ಕೇ 4 ಎಂಬಿಗೆ ಒಂದು ಕೊಡುವ ಲಾರ್ಜ್‌ಫೈಲ್4 ಬಿಟ್ಟೆ. ಮುಂದೆ ಫೋಟೋಗಳನ್ನು, ಪ್ರಸಂಗ ಪುಸ್ತಕಗಳ ಸ್ಕ್ಯಾನುಗಳನ್ನು ಹಾಕಬೇಕಾದೀತು. ಎರಡನೆಯದು ದೊಡ್ಡಕ್ಷರದ ಮೈನಸ್ ಜಿ 128. 16 ಗುಂಪಿನ ಬದಲು 128 ಗುಂಪುಗಳ ಪಟ್ಟಿ ಒಟ್ಟಿಗೆ ಕೂರುತ್ತದೆ, ಅಡ್ಡಗೋಡೆ 2 ಜಿಬಿಯ ಬದಲು 16 ಜಿಬಿಗೆ ಒಂದು. ಎಲ್ಲ ಪಟ್ಟಿಗಳನ್ನೂ ಡಿಸ್ಕಿನ ಆರಂಭಕ್ಕೇ ತಳ್ಳುವ ಇನ್ನೊಂದು ಆಯ್ಕೆ ಇದೆ, ಪ್ಯಾಕ್ಡ್ ಮೆಟಾ ಬ್ಲಾಕ್ಸ್ ಅಂತ. ಹಾರ್ಡ್ ಡಿಸ್ಕಿನಲ್ಲಿ ಪಟ್ಟಿ ನೋಡಲು ಹೆಡ್ ಪ್ರತಿ ಸಲ ಆ ತುದಿಗೆ ಓಡಬೇಕಾಗುತ್ತದೆ, ನನಗೆ ಅದು ಒಪ್ಪಲಿಲ್ಲ. ಜೊತೆಗೆ ಟ್ಯೂನ್2ಎಫ್‌ಎಸ್‌ನಲ್ಲಿ ಮೈನಸ್ ಎಂ 1 ಕೊಟ್ಟು ಮೀಸಲು ಜಾಗವನ್ನು 1 ಶೇಕಡಾಕ್ಕೆ ಇಳಿಸಿದೆ. ರೂಟ್ ಬಳಕೆದಾರನಿಗೆ ಡೀಫಾಲ್ಟಾಗಿ ಮೀಸಲಿಡುವ 5 ಶೇಕಡಾ ಈ ಡಿಸ್ಕಿನಲ್ಲಿ 200 ಜಿಬಿ ಆಗುತ್ತದೆ. ಬರೀ ಡೇಟಾ ಇಡುವ ಡಿಸ್ಕಿಗೆ ಅಷ್ಟು ಬೇಡವೇ ಬೇಡ.

ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಏಕೆ ಹಾಕಲಿಲ್ಲ ಅಂತ ಗೆಳೆಯ ಕೇಳಿದ. ದೊಡ್ಡ ಫೈಲುಗಳಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಪಾರ್ಟಿಶನ್ ಚಿಕ್ಕದು ಮಾಡುವುದು ಸುಲಭವಿಲ್ಲ, ಮತ್ತು ಈ ಡಿಸ್ಕನ್ನು ಮುಂದೆ ನೋಡಿಕೊಳ್ಳುವವರಿಗೆ ಇಎಕ್ಸ್‌ಟಿ4 ಗೊತ್ತು. ಅಷ್ಟು ಸಾಕು.

ಬ್ಯಾಕಪ್ಪಿನಿಂದ ವಾಪಸ್ ಕಾಪಿ ಮಾಡುವಾಗ ಒಂದೇ ಆರ್‌ಸಿಂಕ್, ಒಂದಾದ ಮೇಲೆ ಒಂದು ಫೈಲು. ಬೇರೆ ಯಾವ ಪ್ರೋಗ್ರಾಮನ್ನೂ ಆ ಹೊತ್ತಿಗೆ ಡಿಸ್ಕ್ ಮುಟ್ಟಲು ಬಿಡಲಿಲ್ಲ. ಮುಗಿದ ಮೇಲೆ ನೋಡಿದರೆ ಹೆಚ್ಚಿನ ಟೇಪುಗಳು ಒಂದೋ ಎರಡೋ ತುಂಡಿನಲ್ಲಿ ಕೂತಿದ್ದವು. ಆಡಿಯೋ ಪ್ರಾಜೆಕ್ಟುಗಳೂ ಹಾಗೇ. ಆಡಿಯೋ ಫೋಲ್ಡರನ್ನು ಪೂರ್ತಿ ಓದಿಸಿ ನೋಡಿದೆ, ವೇಗ ವಿಡಿಯೋದ ಸಮಕ್ಕೆ ಬಂತು, ಕಟಕಟ ಹೋಯಿತು.

ಮುಂದೆ ಹೀಗಾಗದಿರಲು ಕೆಲಸದ ಕ್ರಮ ಬದಲಿಸಿದೆವು. ಆಡಿಯೋ ರೆಕಾರ್ಡಿಂಗ್ ಈಗ ಎಸ್‌ಎಸ್‌ಡಿಯಲ್ಲಿ ಆಗುತ್ತದೆ, ಅಲ್ಲಿ ಹಾರಲು ಹೆಡ್ ಇಲ್ಲ. ಮುಗಿದ ಪ್ರಾಜೆಕ್ಟನ್ನು ಮತ್ತು ಅದರಿಂದ ತೆಗೆದ ಫ್ಲಾಕ್ ಆಡಿಯೋ ಫೈಲನ್ನು ಸಂಜೆ ದೊಡ್ಡ ಡಿಸ್ಕಿಗೆ ಕಾಪಿ ಮಾಡುತ್ತೇವೆ. ವಿಡಿಯೋಗೂ ಎಸ್‌ಎಸ್‌ಡಿ ಒಳ್ಳೆಯದೇ, ಆದರೆ ನಮ್ಮದು ಚಿಕ್ಕದು. ಎರಡು ಕ್ಯಾಮೆರಾ ಒಂದು ದಿನ ಓಡಿದರೆ ತುಂಬಿಹೋಗುತ್ತದೆ.

ಹಾಗಾಗಿ ವಿಡಿಯೋಗೆ ಮೊದಲೇ ಜಾಗ ಹಿಡಿದಿಡುತ್ತೇವೆ. ಎಫ್‌ಅಲೊಕೇಟ್ ಕಮಾಂಡಿಗೆ ಮೈನಸ್ ಎನ್ ಮತ್ತು 14 ಜಿಬಿ ಕೊಟ್ಟರೆ ಫೈಲಿನ ಗಾತ್ರ ಸೊನ್ನೆಯೇ ಇರುತ್ತದೆ, ಆದರೆ ಒಳಗೆ ಜಾಗ ಒಟ್ಟಿಗೆ ಹಿಡಿದಾಗಿರುತ್ತದೆ. ಫೈಲ್‌ಫ್ರಾಗ್‌ನಲ್ಲಿ ಅನ್‌ರಿಟನ್ ಎಂದು ಕಾಣುವುದು ಈ ಹಿಡಿದಿಟ್ಟ ಭಾಗ. ಇಲ್ಲೊಂದು ಎಚ್ಚರ ಬೇಕು. ಎಷ್ಟೋ ಪ್ರೋಗ್ರಾಂಗಳು ಬರೆಯುವ ಮೊದಲು ಫೈಲನ್ನು ಖಾಲಿ ಮಾಡುತ್ತವೆ, ಆಗ ಹಿಡಿದಿಟ್ಟ ಜಾಗವೂ ಹೋಗುತ್ತದೆ. ಅದಕ್ಕೆ, ಕ್ಯಾಮೆರಾದಿಂದ ವಿಡಿಯೋ ಇಳಿಸುವ ಡಿವಿಗ್ರ್ಯಾಬ್‌ಗೆ ಫೈಲಿನ ಹೆಸರಿನ ಬದಲು ಒಂದು ಅಡ್ಡಗೆರೆ ಕೊಟ್ಟು, ಬರುವ ಡೇಟಾವನ್ನು ಪೈಪ್ ಮೂಲಕ ಡಿಡಿ ಎಂಬ ಕಾಪಿ ಕಮಾಂಡಿಗೆ ಕಳಿಸುತ್ತೇವೆ. ಡಿಡಿಯಲ್ಲಿ ಕಾನ್ವ್ ಆಯ್ಕೆಗೆ ನೋಟ್ರಂಕ್ ಹಾಕಿದರೆ ಅದು ಫೈಲನ್ನು ಖಾಲಿ ಮಾಡದೆ ಮೇಲಿಂದ ಬರೆಯುತ್ತದೆ. ಹೀಗೆ ಎರಡು ಕ್ಯಾಮೆರಾ ಒಟ್ಟಿಗೆ ಓಡಿದರೂ ಎರಡು ಫೈಲು ತಮ್ಮ ತಮ್ಮ ಜಾಗದಲ್ಲೇ ಬೆಳೆಯುತ್ತವೆ.

ಟೇಪು 14 ಜಿಬಿ ತುಂಬುವ ಮೊದಲೇ ಮುಗಿದರೆ ಉಳಿದ ಜಾಗ ಫೈಲಿನ ಬಾಲಕ್ಕೆ ಅಂಟಿಕೊಂಡೇ ಇರುತ್ತದೆ. ಗಾತ್ರ ನೋಡಿದರೆ ಕಾಣುವುದಿಲ್ಲ, ನಿಜವಾಗಿ ಹಿಡಿದ ಜಾಗ ಹೇಳುವ ಡಿಯು ಓಡಿಸಿದರೆ ಮಾತ್ರ ತಿಳಿಯುತ್ತದೆ. ಅದನ್ನು ಬಿಡಿಸಲು ಟ್ರಂಕೇಟ್‌ಗೆ ಫೈಲಿನ ಈಗಿನ ಗಾತ್ರವನ್ನೇ ಕೊಟ್ಟರೆ ಆಯಿತು. ಡೇಟಾದ ಒಂದು ಬೈಟೂ ಬದಲಾಗದೆ, ಬಾಲದ ಜಾಗವನ್ನು ಇಎಕ್ಸ್‌ಟಿ4 ವಾಪಸ್ ತೆಗೆದುಕೊಳ್ಳುತ್ತದೆ. ಈ ಸಾಲನ್ನು ಕ್ಯಾಪ್ಚರ್ ಸ್ಕ್ರಿಪ್ಟಿನ ಕೊನೆಗೇ ಸೇರಿಸಿದ್ದೇವೆ, ಅದರ ಹಿಂದೆಯೇ ಚೆಕ್‌ಸಮ್ ಬರೆಯುವ ಸಾಲು.